ಅಮ್ಮ ಬರೆದಿಟ್ಟ ಚೀಟಿಗಳು

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಆ ಮೂಲೆಯ ಮೇಜಿನ ಕಡೆ ಒಮ್ಮೆ ನೋಡಿ. ಅಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಅದರ ಕೆಳಗೆ ಒಂದು ಗಾಜಿನ ತಟ್ಟೆ, ತಟ್ಟೆಯಲ್ಲಿ 28.5 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರು, ನೀರಿನಲ್ಲಿ ಜೀಬ್ರಾ ಮೀನಿನ ಹತ್ತಿಪ್ಪತ್ತು ಮೊಟ್ಟೆಗಳು. ಅವು ಫಲಿತವಾಗಿ ಈಗ ಎರಡೂಕಾಲು ಗಂಟೆ ಆಗಿದೆ. ಲೆಕ್ಕದ ಪ್ರಕಾರ ಒಂದೊಂದರಲ್ಲೂ 128 ಜೀವಕೋಶಗಳಿರಬೇಕು. ಈ ವಯಸ್ಸಿನಲ್ಲಿ ಸುಮಾರು 15 ನಿಮಿಷಕ್ಕೊಮ್ಮೆ ಎಲ್ಲ ಕೋಶಗಳೂ ಹೆಚ್ಚುಕಡಿಮೆ ಒಟ್ಟಿಗೇ ಎರಡಾಗುತ್ತವೆ. ನನಗೆ ಕೊಟ್ಟಿರುವುದು ಮುಕ್ಕಾಲು ಗಂಟೆ. ನಾನು ಮುಗಿಸುವ ಹೊತ್ತಿಗೆ ಅವು ಸಾವಿರ ಕೋಶಗಳಾಗಿರುತ್ತವೆ. ಈ ಮುಕ್ಕಾಲು ಗಂಟೆಯಲ್ಲಿ ಆ ತಟ್ಟೆಯೊಳಗೆ ಏನು ನಡೆಯುತ್ತದೆ ಅನ್ನುವುದೇ ಇವತ್ತಿನ ವಿಷಯ. ನಾನು ಇಲ್ಲಿ ತಡವರಿಸಿದರೂ ಅವು ಅಲ್ಲಿ ಕಾಯುವುದಿಲ್ಲ.

ಮೊದಲು ಒಂದು ಪ್ರಶ್ನೆ. ಇಷ್ಟು ಹೊತ್ತು ಆ ಭ್ರೂಣವನ್ನು ನಡೆಸಿದ್ದು ಯಾರು?

ಅದರ ಸ್ವಂತ ಜೀನ್‌ಗಳು ಅಂತ ಹೇಳಲು ಬಾಯಿ ಬರುತ್ತದೆ, ಅಲ್ವಾ? ಆದರೆ ಅವು ಇನ್ನೂ ನಿದ್ದೆಯಲ್ಲಿವೆ. ಅಪ್ಪನಿಂದ ಬಂದ ಡಿಎನ್‌ಎ, ಅಮ್ಮನಿಂದ ಬಂದ ಡಿಎನ್‌ಎ ಎರಡೂ ಪ್ರತಿ ಕೋಶದಲ್ಲೂ ಇವೆ, ಪ್ರತಿ ಸಲವೂ ನಕಲಾಗುತ್ತಿವೆ. ಆದರೆ ಅದನ್ನು ಓದುವವರಿಲ್ಲ. ಕೆಲಸ ನಡೆಯುತ್ತಿರುವುದು ತಾಯಿ ಮೀನು ಮೊಟ್ಟೆಯೊಳಗೆ ಮೊದಲೇ ತುಂಬಿಟ್ಟ ಸಾಮಾನಿನಿಂದ. ಆ ಸಾಮಾನಿನಲ್ಲಿ ಬಹಳ ಮುಖ್ಯವಾದದ್ದು ಮೆಸೆಂಜರ್ ಆರ್‌ಎನ್‌ಎ. ಇದನ್ನು ಚೀಟಿ ಅಂದುಕೊಳ್ಳಿ. ‘ಈ ಪ್ರೋಟೀನ್ ಮಾಡು’ ಅಂತ ಬರೆದ ಚೀಟಿ. ಸಾವಿರಾರು ಬಗೆಯ ಚೀಟಿಗಳನ್ನು ಬರೆದಿಟ್ಟು ಅಮ್ಮ ಈಜಿಕೊಂಡು ಹೋಗಿಬಿಟ್ಟಿದ್ದಾಳೆ. ಕೋಶಗಳು ಆ ಚೀಟಿ ನೋಡಿಕೊಂಡು ಪ್ರೋಟೀನ್ ಮಾಡುತ್ತಿವೆ, ಒಡೆಯುತ್ತಿವೆ, ಮತ್ತೆ ಒಡೆಯುತ್ತಿವೆ.

ಫಲಿತವಾಗಿ ಸುಮಾರು ಮೂರು ಗಂಟೆ ಆಗುವ ಹೊತ್ತಿಗೆ ಭ್ರೂಣದ ಸ್ವಂತ ಜೀನ್‌ಗಳು ಎಚ್ಚರವಾಗುತ್ತವೆ. ಹೊಸ ಚೀಟಿಗಳು ಬರತೊಡಗುತ್ತವೆ. ಈಗ ನೋಡಿ ತೊಂದರೆ. ಹಳೆಯ ಚೀಟಿಗಳು ಇನ್ನೂ ಅಲ್ಲೇ ಬಿದ್ದಿವೆ. ಅವುಗಳಲ್ಲಿ ಮೊಟ್ಟೆಗೆ ಬೇಕಾಗಿದ್ದ ಸೂಚನೆಗಳಿವೆ, ಮೊದಲ ಗಂಟೆಗಳ ಓಟಕ್ಕೆ ಬೇಕಾಗಿದ್ದ ಸೂಚನೆಗಳಿವೆ. ಇನ್ನು ಮುಂದೆ ಅವು ಬೇಡ. ಬೇಡದ್ದು ಸುಮ್ನೆ ಬಿದ್ದಿದ್ದರೆ ಪರವಾಗಿರಲಿಲ್ಲ. ಆದರೆ ಚೀಟಿ ಇದ್ದರೆ ಕೋಶ ಓದುತ್ತದೆ, ಓದಿದರೆ ಮಾಡುತ್ತದೆ. ಹಾಗಾಗಿ ಯಾರೋ ಬಂದು ಅವನ್ನು ಹರಿದು ಹಾಕಬೇಕು. ಎಲ್ಲವನ್ನೂ ಹರಿದರೆ ಭ್ರೂಣ ಸಾಯುತ್ತದೆ. ಆರಿಸಿ ಹರಿಯಬೇಕು.

ಭ್ರೂಣದ ಬೆಳವಣಿಗೆ ಅಂದ ಕೂಡಲೇ ನಾವೆಲ್ಲ ಕಟ್ಟುವುದನ್ನೇ ಯೋಚಿಸುತ್ತೇವೆ. ಹೃದಯ ಹೇಗೆ ಕಟ್ಟಿತು, ಕಣ್ಣು ಹೇಗೆ ಮೂಡಿತು. ಅಳಿಸುವ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಅನ್ನುವುದು ನನ್ನ ಹಳೆಯ ತಕರಾರು. ಇವತ್ತು ಆ ತಕರಾರನ್ನು ನಿಮ್ಮ ಮುಂದೆ ತೋಡಿಕೊಳ್ಳುತ್ತೇನೆ.

ಅಳಿಸುವವರ ಪರಿಚಯಕ್ಕೆ ಮೀನು ಬಿಟ್ಟು ಸ್ವಲ್ಪ ಹೊತ್ತು ಹುಳದ ಹತ್ತಿರ ಹೋಗಬೇಕು. ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಸಿಗುವ ಒಂದು ದುಂಡು ಹುಳ. ಅಮೆರಿಕದಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಈ ಹುಳದ ಎರಡು ಬೇರೆ ಬೇರೆ ಜೀನ್‌ಗಳ ಹಿಂದೆ ಬಿದ್ದಿದ್ದರು. ಆಂಬ್ರೋಸ್ ಅವರದು ಲಿನ್-4. ರವ್ಕನ್ ಅವರದು ಲಿನ್-14. ಮೊದಲನೆಯದು ಎರಡನೆಯದನ್ನು ಅಡಗಿಸುತ್ತದೆ ಅಂತ ಗೊತ್ತಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ಲಿನ್-4 ಯಾವುದೋ ಪ್ರೋಟೀನ್ ಮಾಡುತ್ತಿರಬೇಕು ಅಂತ ಹುಡುಕಿದರೆ ಪ್ರೋಟೀನೇ ಇಲ್ಲ. ಸಿಕ್ಕಿದ್ದು 22 ಅಕ್ಷರಗಳ ಒಂದು ಪುಟ್ಟ ಆರ್‌ಎನ್‌ಎ ತುಣುಕು. ಇಬ್ಬರೂ ತಮ್ಮ ತಮ್ಮ ಅಕ್ಷರಗಳ ಸಾಲನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಲಿನ್-14ರ ಚೀಟಿಯ ಬಾಲದ ಕಡೆ, ಪ್ರೋಟೀನ್ ಸೂಚನೆ ಮುಗಿದ ಮೇಲಿನ ಭಾಗದಲ್ಲಿ, ಈ ಪುಟ್ಟ ತುಣುಕು ಕೂರುವ ಜಾಗಗಳು ಇದ್ದವು. ಇದು ಪ್ರಕಟವಾಗಿದ್ದು 1993ರಲ್ಲಿ. ಅದಾಗಿ ಏಳು ವರ್ಷ ಜಾಸ್ತಿ ಜನ ತಲೆ ಕೆಡಿಸಿಕೊಳ್ಳಲಿಲ್ಲ. ಹುಳದ ವಿಚಿತ್ರ ಅಂದುಕೊಂಡರು. 2000ದಲ್ಲಿ ರವ್ಕನ್ ಅವರ ತಂಡ ಲೆಟ್-7 ಅನ್ನುವ ಎರಡನೆಯ ತುಣುಕನ್ನು ಹುಳದಲ್ಲಿ ಕಂಡುಹಿಡಿಯಿತು. ಅದೇ ವರ್ಷ ಅದು ನೊಣದಲ್ಲಿ, ಜೀಬ್ರಾ ಮೀನಿನಲ್ಲಿ, ಮನುಷ್ಯರಲ್ಲಿ ಕೂಡ ಇದೆ ಅಂತ ಗೊತ್ತಾಯಿತು. ಆಮೇಲೆ ಎಲ್ಲರೂ ಓಡೋಡಿ ಬಂದರು. 2024ರ ವೈದ್ಯಕೀಯ ನೊಬೆಲ್ ಈ ಇಬ್ಬರಿಗೆ ಬಂದದ್ದು ನಿಮಗೆ ನೆನಪಿರಬಹುದು.

ಈ ತುಣುಕುಗಳಿಗೆ ಮೈಕ್ರೋ ಆರ್‌ಎನ್‌ಎ ಅಂತ ಹೆಸರು. ಇವು ಹುಟ್ಟುವ ಬಗೆ ಹೀಗೆ. ಡಿಎನ್‌ಎಯಿಂದ ಮೊದಲು ಉದ್ದನೆಯ ಆರ್‌ಎನ್‌ಎ ಬರುತ್ತದೆ. ಅದು ತನ್ನ ಮೇಲೆ ತಾನೇ ಮಡಚಿಕೊಂಡು ತಲೆಪಿನ್ ತರಹ ಆಗುತ್ತದೆ. ಕೋಶಕೇಂದ್ರದೊಳಗೆ ಡ್ರೋಶಾ ಅನ್ನುವ ಕಿಣ್ವ ಒಂದು ಸಲ ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಡೈಸರ್ ಅನ್ನುವ ಇನ್ನೊಂದು ಕಿಣ್ವ ಪಿನ್ನಿನ ತಿರುವನ್ನು ಕತ್ತರಿಸುತ್ತದೆ. ಉಳಿದ ಸುಮಾರು 22 ಅಕ್ಷರದ ತುಣುಕನ್ನು ಆರ್ಗೊನಾಟ್ ಅನ್ನುವ ಪ್ರೋಟೀನ್ ಕೈಗೆತ್ತಿಕೊಳ್ಳುತ್ತದೆ. ಈಗ ಆರ್ಗೊನಾಟ್ ಅಂದರೆ ವಿಳಾಸ ಹಿಡಿದು ಹೊರಟ ಆಳು. 22 ಅಕ್ಷರಗಳಲ್ಲಿ ಅವನಿಗೆ ನಿಜವಾಗಿ ಬೇಕಾದದ್ದು ಎರಡನೆಯದರಿಂದ ಎಂಟನೆಯವರೆಗಿನ ಏಳು ಅಕ್ಷರ. ಆ ಏಳಕ್ಕೆ ಬೀಜಭಾಗ ಅನ್ನೋಣ. ಯಾವ ಚೀಟಿಯ ಬಾಲದಲ್ಲಿ ಅದಕ್ಕೆ ಹೊಂದುವ ಅಕ್ಷರಗಳಿವೆಯೋ ಅಲ್ಲಿ ಹೋಗಿ ಕೂರುತ್ತಾನೆ. ಕೂತರೆ ಆ ಚೀಟಿಯ ಕಥೆ ಮುಗಿಯುತ್ತಾ ಬಂತು.

ಏಳೇ ಅಕ್ಷರ ಸಾಕು ಅನ್ನುವುದರ ಅರ್ಥ ಗಮನಿಸಿ. ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ಬೇರೆ ಬೇರೆ ಚೀಟಿಗಳ ಮೇಲೆ ಕೂರಬಹುದು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೀನಿಗೆ ವಾಪಸ್ ಬರೋಣ. ಜೀಬ್ರಾ ಮೀನು ದಕ್ಷಿಣ ಏಷ್ಯಾದ ನದಿ, ಹೊಂಡ, ಗದ್ದೆ ನೀರಿನ ಜೀವಿ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆದಾಗ ಇದನ್ನು ಮೊದಲ ಬಾರಿ ವಿವರಿಸಿದ. ಪ್ರಯೋಗಾಲಯಕ್ಕೆ ಅದನ್ನು ಗಂಭೀರವಾಗಿ ತಂದದ್ದು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ ಮುಖ್ಯ ಪ್ರಬಂಧ 1981ರದು. ಕಾರಣ ತೀರಾ ಸರಳ. ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ, ಮೈ ಪಾರದರ್ಶಕ, ಎಲ್ಲವೂ ಬೇಗ ಆಗುತ್ತದೆ. ಒಂದು ದಿನಕ್ಕೆ ಹೃದಯ ಬಡಿಯುತ್ತದೆ. ಮೂರು ದಿನದೊಳಗೆ ಮರಿ ಹೊರಗೆ ಬರುತ್ತದೆ. ಮನುಷ್ಯರ ಜೀನ್‌ಗಳಲ್ಲಿ ಸುಮಾರು 70 ಶೇಕಡಕ್ಕೆ ಈ ಮೀನಿನಲ್ಲಿ ಒಂದಾದರೂ ಸಂಬಂಧಿ ಜೀನ್ ಇದೆ.

ಸರಿ, ಮೈಕ್ರೋ ಆರ್‌ಎನ್‌ಎಗಳೇ ಇಲ್ಲದಿದ್ದರೆ ಮೀನಿನ ಭ್ರೂಣಕ್ಕೆ ಏನಾಗುತ್ತದೆ? ನೋಡುವ ದಾರಿ ಸುಲಭ ಅನ್ನಿಸುತ್ತದೆ. ಡೈಸರ್ ಕಿಣ್ವದ ಜೀನ್ ಕೆಡಿಸಿದರೆ ಆಯಿತು. ಕತ್ತರಿಸುವವರಿಲ್ಲ ಅಂದರೆ ತುಣುಕೂ ಇಲ್ಲ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ತಂಡ ಅದನ್ನೇ ಮಾಡಿತು. ಫಲಿತಾಂಶ ನೋಡಿದರೆ ಒಂಥರಾ ನಿರಾಸೆ. ಮರಿಗಳು ಮೊದಲ ವಾರ ಚೆನ್ನಾಗೇ ಬೆಳೆದವು. ಹೃದಯ ಬಡಿಯಿತು, ಈಜಿದವು. ಆಮೇಲೆ ಬೆಳವಣಿಗೆ ನಿಂತು ಸತ್ತವು. ಹಾಗಾದರೆ ಭ್ರೂಣಕ್ಕೆ ಮೈಕ್ರೋ ಆರ್‌ಎನ್‌ಎ ಬೇಡವೇ?

ಯಾಕೆ ಹೀಗಾಯಿತು ಅಂತ ಈಗ ನಿಮಗೇ ಹೊಳೆದಿರಬೇಕು. ಅಮ್ಮ! ಈ ಮರಿಗಳ ಅಪ್ಪ ಅಮ್ಮ ಇಬ್ಬರಲ್ಲೂ ಡೈಸರ್ ಜೀನ್‌ನ ಒಂದು ಪ್ರತಿ ಕೆಟ್ಟಿತ್ತು, ಇನ್ನೊಂದು ಸರಿ ಇತ್ತು. ಎರಡೂ ಕೆಟ್ಟ ಪ್ರತಿ ಸಿಕ್ಕ ಮರಿಗೆ ಸ್ವಂತ ಡೈಸರ್ ಇಲ್ಲ. ಆದರೆ ಮೊಟ್ಟೆಯೊಳಗೆ ಅಮ್ಮನ ಡೈಸರ್ ಇತ್ತು, ಅದರ ಚೀಟಿಯೂ ಇತ್ತು. ಅದರ ಮೇಲೆ ಒಂದು ವಾರ ಬದುಕಿದವು.

ಅಂದರೆ ಅಮ್ಮನ ಕಡೆಯಿಂದಲೂ ಡೈಸರ್ ಬರಬಾರದು. ಹಾಗೆ ಮಾಡಬೇಕಾದರೆ ಡೈಸರ್ ಇಲ್ಲದ ತಾಯಿ ಬೇಕು. ಡೈಸರ್ ಇಲ್ಲದವಳು ತಾಯಾಗುವಷ್ಟು ದಿನ ಬದುಕುವುದೇ ಇಲ್ಲ. ಬಾವಿಗೆ ಬಿದ್ದ ಹಗ್ಗ ತೆಗೆಯಲು ಹಗ್ಗವೇ ಬೇಕು ಅನ್ನುವ ಪರಿಸ್ಥಿತಿ.

ಇದಕ್ಕೆ ಕಂಡುಕೊಂಡ ದಾರಿ ನನಗೆ ಇವತ್ತಿಗೂ ಇಷ್ಟ. ಮೀನಿನ ಭ್ರೂಣದಲ್ಲಿ ಮುಂದೆ ಮೊಟ್ಟೆ ಅಥವಾ ವೀರ್ಯ ಆಗುವ ಕೋಶಗಳು ಬಹಳ ಬೇಗ ಬೇರೆಯಾಗಿ ನಿಲ್ಲುತ್ತವೆ. ಅವುಗಳಿಗೆ ಬೀಜಕೋಶ ಅನ್ನೋಣ. ಒಂದು ಆರೋಗ್ಯವಂತ ಭ್ರೂಣ ತೆಗೆದುಕೊಳ್ಳಿ. ಅದರ ಸ್ವಂತ ಬೀಜಕೋಶಗಳು ಬೆಳೆಯದ ಹಾಗೆ ತಡೆಯಿರಿ. ಡೈಸರ್ ಇಲ್ಲದ ಭ್ರೂಣದಿಂದ ಒಂದಷ್ಟು ಕೋಶಗಳನ್ನು ಸೂಜಿಯಲ್ಲಿ ಎಳೆದು ಇದರೊಳಗೆ ಬಿಡಿ. ಅದೃಷ್ಟ ಇದ್ದರೆ ಅವುಗಳಲ್ಲಿ ಬೀಜಕೋಶಗಳೂ ಇರುತ್ತವೆ, ಅವು ತಾವಾಗಿಯೇ ಹುಡುಕಿಕೊಂಡು ಹೋಗಿ ಸರಿಯಾದ ಜಾಗದಲ್ಲಿ ನೆಲೆಸುತ್ತವೆ. ಈ ಮೀನು ದೊಡ್ಡದಾಗುತ್ತದೆ. ಮೈಯೆಲ್ಲ ಆರೋಗ್ಯವಾಗಿದೆ. ಇಡುವ ಮೊಟ್ಟೆಗಳು ಮಾತ್ರ ಡೈಸರ್ ಇಲ್ಲದವು. ಅಂಥ ಗಂಡನ್ನೂ ಅಂಥ ಹೆಣ್ಣನ್ನೂ ಕೂಡಿಸಿದರೆ ಹುಟ್ಟುವ ಭ್ರೂಣಕ್ಕೆ ಅಮ್ಮನ ಡೈಸರೂ ಇಲ್ಲ, ಸ್ವಂತದ್ದೂ ಇಲ್ಲ. ಅಲೆಕ್ಸಾಂಡರ್ ಶೀರ್ ಅವರ ಪ್ರಯೋಗಾಲಯದಲ್ಲಿ ಆಂಟೋನಿಯೊ ಜಿರಾಲ್ಡೆಜ್ ಮತ್ತು ಜೊತೆಯವರು ಇದನ್ನು ಮಾಡಿ 2005ರಲ್ಲಿ ಪ್ರಕಟಿಸಿದರು.

ಏನು ಕಂಡಿತು? ತಲೆ ಎಲ್ಲಿ, ಬಾಲ ಎಲ್ಲಿ, ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಅನ್ನುವುದು ಸರಿಯಾಗೇ ತೀರ್ಮಾನವಾಗಿತ್ತು. ನರಕೋಶ, ರಕ್ತಕೋಶ, ಸ್ನಾಯು ಎಲ್ಲ ಬಗೆಗಳೂ ಮೂಡಿದ್ದವು. ಆದರೆ ಆಕಾರ ಕೆಟ್ಟುಹೋಗಿತ್ತು. ಕೋಶಗಳು ಜಾಗ ಬದಲಿಸಿ ಪದರಗಳಾಗುವ ಹಂತ ಎಡವಟ್ಟಾಗಿತ್ತು. ಮಿದುಳಿನ ಮಡಿಕೆಗಳು, ಒಳಗಿನ ಪೊಳ್ಳು ಜಾಗಗಳು ಸರಿಯಾಗಿ ಬರಲಿಲ್ಲ. ಹೃದಯ ಸರಿಯಾಗಿ ರೂಪುಗೊಳ್ಳಲಿಲ್ಲ. ಎಲ್ಲ ಸಾಮಾನೂ ಇದೆ, ಮನೆ ಮಾತ್ರ ಓರೆ.

ಆಮೇಲೆ ಮಾಡಿದ್ದು ಇನ್ನೂ ಚೆಂದ. ಆ ಭ್ರೂಣಗಳಿಗೆ ನೂರಾರು ಮೈಕ್ರೋ ಆರ್‌ಎನ್‌ಎಗಳು ಇಲ್ಲ. ಅವುಗಳಲ್ಲಿ ಒಂದೇ ಒಂದು ಕುಟುಂಬವನ್ನು, ಕತ್ತರಿಸಿ ಸಿದ್ಧವಾದ ರೂಪದಲ್ಲಿ, ಸೂಜಿಯಿಂದ ಮೊಟ್ಟೆಯೊಳಗೆ ಹಾಕಿದರು. ಮಿದುಳಿನ ಆಕಾರ ಸರಿಹೋಯಿತು. ಆ ಕುಟುಂಬದ ಹೆಸರು ಮಿರ್-430. ಹೆಸರಿನಲ್ಲಿ ಏನೂ ವಿಶೇಷ ಇಲ್ಲ, ಮೈಕ್ರೋ ಆರ್‌ಎನ್‌ಎಗಳಿಗೆ ಹೀಗೆ ನಂಬರ್ ಕೊಡುವುದು ರೂಢಿ.

ಈಗ ಗಡಿಯಾರ ನೋಡಿ. ತಟ್ಟೆಯಲ್ಲಿ ಕೋಶಗಳು ಇನ್ನೊಂದು ಸಲ ಒಡೆದಿರಬೇಕು. 256.

ಮಿರ್-430 ಅಷ್ಟೆಲ್ಲ ಮಾಡಿದ್ದು ಹೇಗೆ ಅಂತ ಮರುವರ್ಷ, 2006ರಲ್ಲಿ, ಅದೇ ತಂಡ ಹೇಳಿತು. ಡೈಸರ್ ಇಲ್ಲದ ಭ್ರೂಣದಲ್ಲಿ ಅಮ್ಮನ ಚೀಟಿಗಳು ರಾಶಿ ರಾಶಿ ಉಳಿದುಬಿಟ್ಟಿದ್ದವು. ಹೀಗೆ ಉಳಿದ ಚೀಟಿಗಳ ಬಾಲ ಓದಿ ನೋಡಿದರೆ ಅವುಗಳಲ್ಲಿ ಎಷ್ಟೋ ಚೀಟಿಗಳ ಮೇಲೆ ಮಿರ್-430ರ ವಿಳಾಸ ಇತ್ತು. ನೂರಾರು ಬಗೆಯ ಚೀಟಿಗಳನ್ನು ಅದು ನೇರವಾಗಿ ತೆಗೆದುಹಾಕುತ್ತದೆ ಅನ್ನುವುದು ಅಲ್ಲಿಂದ ಸ್ಪಷ್ಟವಾಯಿತು. ಏಳು ಅಕ್ಷರದ ಮಾತು ನೆನಪಿದೆಯಲ್ಲ? ಒಬ್ಬನೇ ಆಳು ಅಷ್ಟು ಮನೆಗಳಿಗೆ ಹೋಗಲು ಸಾಧ್ಯವಾದದ್ದು ವಿಳಾಸ ಅಷ್ಟು ಚಿಕ್ಕದಾಗಿರುವುದರಿಂದ.

ತೆಗೆದುಹಾಕುವ ಕ್ರಮವೂ ಗೊತ್ತಾಗಿದೆ. ಹೆಚ್ಚುಕಡಿಮೆ ಪ್ರತಿ ಮೆಸೆಂಜರ್ ಆರ್‌ಎನ್‌ಎಯ ತೀರಾ ಕೊನೆಯಲ್ಲಿ, ವಿಳಾಸ ಇರುವ ಭಾಗವೂ ಮುಗಿದ ಮೇಲೆ, ‘ಎ’ ಅಕ್ಷರಗಳ ಒಂದು ಉದ್ದ ಎಳೆ ಇರುತ್ತದೆ. ಅದೇ ಅದರ ರಕ್ಷಣೆ. ಮಿರ್-430 ಬಂದು ಕೂತರೆ ಮೊದಲು ಆ ಚೀಟಿ ಓದಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಆಮೇಲೆ ಈ ‘ಎ’ ಎಳೆ ಮೊಟಕಾಗುತ್ತದೆ. ಅದು ಹೋದ ಮೇಲೆ ಚೀಟಿ ಚೂರಾಗುತ್ತದೆ. ಮೊದಲು ಬಾಯಿ ಮುಚ್ಚಿಸುವುದು, ಆಮೇಲೆ ಕೊಲ್ಲುವುದು ಅನ್ನುವ ಈ ಅನುಕ್ರಮವನ್ನು 2012ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ ಇದರ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಓದು ನಿಲ್ಲಿಸುತ್ತದೆ ಅನ್ನುವವರು ಒಂದು ಕಡೆ, ಚೂರು ಮಾಡುತ್ತದೆ ಅನ್ನುವವರು ಇನ್ನೊಂದು ಕಡೆ. ನೋಡಿದ ಹೊತ್ತು ಬೇರೆ ಬೇರೆ ಆಗಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾಣುವುದು ಸಹಜ. ಮೀನಿನ ಭ್ರೂಣದಲ್ಲಿ ಎಲ್ಲವೂ ಗಡಿಯಾರದಂತೆ ನಡೆಯುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸಿ ನೋಡಲು ಆಯಿತು.

ಇಷ್ಟು ಕೆಲಸಕ್ಕೆ ಆಳುಗಳು ಎಷ್ಟು ಬೇಕು ಯೋಚಿಸಿ. ಕೆಲವೇ ಗಂಟೆಗಳಲ್ಲಿ ಭಾರಿ ಸಂಖ್ಯೆಯಲ್ಲಿ ಮಿರ್-430 ತಯಾರಾಗಬೇಕು. ಅದಕ್ಕೆ ಮೀನಿನ ಉಪಾಯ ಏನೂ ನಾಜೂಕಿನದಲ್ಲ. ನಾಲ್ಕನೆಯ ಕ್ರೋಮೋಸೋಮಿನಲ್ಲಿ ಈ ಜೀನ್‌ನ ಪ್ರತಿಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಜೋಡಿಸಿ ಇಟ್ಟುಕೊಂಡಿದೆ. 50ಕ್ಕೂ ಹೆಚ್ಚು ಪ್ರತಿಗಳು. ಇಡೀ ಜೀನೋಮ್ ಮಲಗಿರುವಾಗ ಮೊಟ್ಟಮೊದಲು ಎದ್ದು ಕೂರುವುದು ಈ ಸಾಲೇ. ಬೆಳಕು ಸೂಸುವ ಬಣ್ಣ ಹಾಕಿ ಜೀವಂತ ಭ್ರೂಣ ನೋಡಿದವರಿಗೆ ಕೋಶಕೇಂದ್ರದೊಳಗೆ ಎರಡು ಚುಕ್ಕೆಗಳು ಹೊತ್ತಿಕೊಳ್ಳುವುದು ಕಾಣುತ್ತದೆ. ಒಂದು ಅಪ್ಪನ ಕ್ರೋಮೋಸೋಮಿನದು, ಒಂದು ಅಮ್ಮನದು. ಮೂರು ಗಂಟೆಗೆ ಜೀನೋಮ್ ಏಳುತ್ತದೆ ಅಂದೆನಲ್ಲ, ಈ ಸಾಲು ಅದಕ್ಕೂ ಮೊದಲೇ, ಕೋಶಗಳು ನೂರರ ಆಸುಪಾಸಿನಲ್ಲಿರುವಾಗಲೇ ಮಿಣುಕಲು ಶುರು. ನಾನು ನಿಮಗೆ ನಮಸ್ಕಾರ ಹೇಳುತ್ತಿದ್ದಾಗಲೇ ಆ ಮೂಲೆಯಲ್ಲಿ ಚುಕ್ಕೆಗಳು ಹೊತ್ತಿಕೊಂಡಿದ್ದವು ಅನ್ನಿ.

ಎಬ್ಬಿಸಿದವರು ಯಾರು? ನಾನೋಗ್, ಪೌ5ಎಫ್3, ಸಾಕ್ಸ್ ಗುಂಪಿನ ಪ್ರೋಟೀನ್‌ಗಳು. ಇವು ಬಂದದ್ದು ಎಲ್ಲಿಂದ? ಅಮ್ಮನ ಚೀಟಿಗಳಿಂದ! ಅಂದರೆ ತನ್ನ ಚೀಟಿಗಳನ್ನು ಹರಿಯುವವನನ್ನು ಎಬ್ಬಿಸಲು ಕೂಡ ಅಮ್ಮನೇ ಚೀಟಿ ಬರೆದಿಟ್ಟಿದ್ದಾಳೆ. ಇದನ್ನು 2013ರಲ್ಲಿ ಓದಿದಾಗ ನಾನು ಪ್ರಬಂಧ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಮ್ಮನ ಎಲ್ಲ ಚೀಟಿಗಳನ್ನೂ ಮಿರ್-430 ಒಂದೇ ತೆಗೆಯುವುದಿಲ್ಲ. ಬೇರೆ ದಾರಿಗಳೂ ಇವೆ. ಕೆಲವು ಚೀಟಿಗಳ ಒಳಗಿನ ಅಕ್ಷರಗಳ ಜೋಡಣೆಯೇ ಅವು ಬೇಗ ಹಾಳಾಗುವ ಹಾಗಿದೆ. ಕೆಲವಕ್ಕೆ ರಾಸಾಯನಿಕ ಗುರುತು ಬಿದ್ದಿರುತ್ತದೆ, ಆ ಗುರುತು ನೋಡಿ ಹರಿಯುವ ಬೇರೆ ಪ್ರೋಟೀನ್ ಇದೆ. ಮಿರ್-430 ದೊಡ್ಡ ಪಾಲುದಾರ, ಅಷ್ಟೇ.

ಬೇರೆ ಪ್ರಾಣಿಗಳಲ್ಲಿ? ಕಪ್ಪೆಯಲ್ಲಿ ಮಿರ್-427 ಅನ್ನುವ ಹತ್ತಿರದ ನೆಂಟ ಇದೇ ಕೆಲಸ ಮಾಡುತ್ತದೆ. ಮನುಷ್ಯರಲ್ಲಿ ಮಿರ್-302 ಇದೆ, ಅದು ಭ್ರೂಣದ ಮೂಲಕೋಶಗಳಲ್ಲಿ ತುಂಬಿರುತ್ತದೆ. ಇವೆಲ್ಲ ಒಂದೇ ಮನೆತನ. ಹಣ್ಣಿನ ನೊಣದ ಕಥೆ ಮಾತ್ರ ಬೇರೆ. ಅಲ್ಲಿಯೂ ಅಮ್ಮನ ಚೀಟಿ ಅಳಿಸಲು ಮೈಕ್ರೋ ಆರ್‌ಎನ್‌ಎಗಳ ಒಂದು ಗೊಂಚಲು ಇದೆ, ಮಿರ್-309 ಗೊಂಚಲು. ಆದರೆ ಅದರ ಅಕ್ಷರಗಳಿಗೂ ಮೀನಿನದಕ್ಕೂ ನೆಂಟಸ್ತಿಕೆ ಇಲ್ಲ. ಒಂದೇ ಕೆಲಸಕ್ಕೆ ಬೇರೆ ಬೇರೆ ವಂಶಗಳು ಬೇರೆ ಬೇರೆ ಆಳುಗಳನ್ನು ಇಟ್ಟುಕೊಂಡಿವೆ.

ಈಗ ಒಂದು ಸೂಕ್ಷ್ಮ. ಎಲ್ಲ ಕೋಶಗಳಲ್ಲೂ ಮಿರ್-430 ಬರುತ್ತದೆ. ಬೀಜಕೋಶಗಳಲ್ಲೂ ಬರುತ್ತದೆ. ಆದರೆ ಬೀಜಕೋಶಗಳು ಬೀಜಕೋಶಗಳಾಗಿ ಉಳಿಯಬೇಕಾದರೆ ಅಮ್ಮ ಕೊಟ್ಟ ಕೆಲವು ಚೀಟಿಗಳು ಉಳಿಯಲೇಬೇಕು. ನ್ಯಾನೋಸ್ ಅನ್ನುವುದು ಅಂಥದ್ದೊಂದು. ಅದರ ಬಾಲದಲ್ಲಿ ಮಿರ್-430ರ ವಿಳಾಸ ಸ್ಪಷ್ಟವಾಗಿ ಇದೆ. ಮೈಯ ಉಳಿದ ಕೋಶಗಳಲ್ಲಿ ಅದು ಅಳಿಸಿಹೋಗುತ್ತದೆ. ಬೀಜಕೋಶದಲ್ಲಿ ಮಾತ್ರ ಉಳಿಯುತ್ತದೆ. ಹೇಗೆ?

ಬೀಜಕೋಶಗಳಲ್ಲಿ ಡೆಡ್ ಎಂಡ್ ಅನ್ನುವ ಪ್ರೋಟೀನ್ ಇದೆ. ಮುಂದೆ ದಾರಿ ಇಲ್ಲ ಅಂತ ಅರ್ಥ. ಮೀನಿನವರು ಹೆಸರಿಡುವುದರಲ್ಲಿ ಸ್ವಲ್ಪ ತಮಾಷೆಯ ಜನ. ಈ ಪ್ರೋಟೀನ್ ನ್ಯಾನೋಸ್ ಚೀಟಿಯ ಬಾಲದಲ್ಲಿ, ಮಿರ್-430 ಕೂರುವ ಜಾಗದ ಹತ್ತಿರವೇ, ಮೊದಲೇ ಹೋಗಿ ಕೂತುಬಿಡುತ್ತದೆ. ಆಳು ವಿಳಾಸ ಹಿಡಿದು ಬರುತ್ತಾನೆ, ನೋಡಿದರೆ ಬಾಗಿಲಲ್ಲಿ ಯಾರೋ ಕೂತಿದ್ದಾರೆ. ವಾಪಸ್ ಹೋಗುತ್ತಾನೆ. ಡೆಡ್ ಎಂಡ್ ಇಲ್ಲದಿದ್ದರೆ ಬೀಜಕೋಶಗಳು ಉಳಿಯುವುದಿಲ್ಲ. ಅಂಥ ಭ್ರೂಣಗಳು ಬದುಕುತ್ತವೆ, ದೊಡ್ಡ ಮೀನಾಗುತ್ತವೆ, ಆದರೆ ಎಲ್ಲವೂ ಗಂಡು, ಎಲ್ಲವೂ ಬಂಜೆ. ಬೀಜಕೋಶಗಳಿಲ್ಲದ ಜೀಬ್ರಾ ಮೀನು ಹೆಣ್ಣಾಗುವುದಿಲ್ಲ.

ಇನ್ನೊಂದು ಉದಾಹರಣೆ ಬೇರೆ ಥರದ್ದು. ಭ್ರೂಣದ ಯಾವ ಕೋಶಗಳು ಒಳಗೆ ಇಳಿದು ಕರುಳು, ಸ್ನಾಯು ಆಗಬೇಕು ಅನ್ನುವುದನ್ನು ನೋಡಲ್ ಅನ್ನುವ ಸಂದೇಶ ತೀರ್ಮಾನಿಸುತ್ತದೆ. ಸ್ಕ್ವಿಂಟ್ ಅನ್ನುವ ಪ್ರೋಟೀನ್ ಈ ಸಂದೇಶ ಕೊಡುತ್ತದೆ. ಲೆಫ್ಟಿ ಅದನ್ನು ತಡೆಯುತ್ತದೆ. ಮಿರ್-430 ಯಾರ ಕಡೆ? ಎರಡೂ ಕಡೆಯವರನ್ನು ತಗ್ಗಿಸುತ್ತದೆ! ಒಂದೇ ಕೈಯಲ್ಲಿ ವೇಗವನ್ನೂ ಬ್ರೇಕನ್ನೂ ಹಿಡಿದ ಹಾಗೆ. ಇದಕ್ಕೆ ಏನರ್ಥ ಅಂತ ತಿಳಿಯಲು 2007ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಸ್ಕ್ವಿಂಟ್ ಚೀಟಿಯ ಮೇಲಿನ ವಿಳಾಸವನ್ನು ಮಾತ್ರ ಮುಚ್ಚುವ ಒಂದು ಪಟ್ಟಿ ಅಂಟಿಸಿದರು. ನೋಡಲ್ ಸಂದೇಶ ಜಾಸ್ತಿಯಾಯಿತು. ಲೆಫ್ಟಿ ಮೇಲಿನ ವಿಳಾಸ ಮುಚ್ಚಿದರು. ಸಂದೇಶ ಕಡಿಮೆಯಾಯಿತು. ಎರಡನ್ನೂ ಮುಚ್ಚಿದರೆ ಸರಿಸಮ ಆಗಿ ಏನೂ ಆಗಬಾರದಿತ್ತು ಅಂತ ನೀವು ಹೇಳಬಹುದು. ಹಾಗಾಗಲಿಲ್ಲ. ಸಮತೋಲ ತಪ್ಪಿ ಸಂದೇಶ ಕಡಿಮೆಯೇ ಆಯಿತು. ಎರಡನ್ನೂ ಅದು ಎಷ್ಟೆಷ್ಟು ತಗ್ಗಿಸಬೇಕೋ ಅಷ್ಟಷ್ಟೇ ತಗ್ಗಿಸುತ್ತಿತ್ತು ಅನ್ನಬೇಕು.

512 ಆಗಿರಬೇಕು ಈಗ. ಸ್ವಲ್ಪ ಬೇಗ ಹೋಗುತ್ತೇನೆ.

ಒಂದು ದಿನದ ನಂತರ ಬೇರೆ ಲೋಕ. ಅಂಗಗಳು ಮೂಡಿವೆ. ಪ್ರತಿ ಅಂಗಕ್ಕೂ ತನ್ನದೇ ಮೈಕ್ರೋ ಆರ್‌ಎನ್‌ಎಗಳು. 2005ರಲ್ಲಿ 115 ಮೈಕ್ರೋ ಆರ್‌ಎನ್‌ಎಗಳನ್ನು ಮೀನಿನ ಮೈಯಲ್ಲಿ ಎಲ್ಲೆಲ್ಲಿವೆ ಅಂತ ಬಣ್ಣ ಹಾಕಿ ನೋಡಿದಾಗ ಇದು ಕಣ್ಣಿಗೇ ಕಂಡಿತು. ಹೆಚ್ಚಿನವು ಒಂದೋ ಎರಡೋ ಅಂಗಾಂಶಕ್ಕೆ ಸೀಮಿತ. ಸ್ನಾಯುವಿನಲ್ಲಿ ಮಿರ್-1, ಮಿರ್-133, ಮಿರ್-206. ನರಮಂಡಲದಲ್ಲಿ ಮಿರ್-124. ಯಕೃತ್ತಿನಲ್ಲಿ ಮಿರ್-122. ಆದರೆ ಇವುಗಳಲ್ಲಿ ಹೆಚ್ಚಿನವು ಎದ್ದು ಕಾಣುವುದು ಅಂಗಗಳ ಗುರುತು ತೀರ್ಮಾನವಾದ ಮೇಲೆ. ಸ್ನಾಯುವನ್ನು ಸ್ನಾಯು ಮಾಡುವುದಕ್ಕಿಂತ ಅದು ಸ್ನಾಯುವಾಗಿಯೇ ಇರುವ ಹಾಗೆ ನೋಡಿಕೊಳ್ಳುವುದು ಇವುಗಳ ಕೆಲಸ ಅನ್ನಿಸುತ್ತದೆ.

ರಕ್ತನಾಳದ ಮಿರ್-126 ಬಗ್ಗೆ ಒಂದು ಮಾತು. ಜೀಬ್ರಾ ಮೀನಿನ ಭ್ರೂಣ ಎಷ್ಟು ಚಿಕ್ಕದೆಂದರೆ ರಕ್ತ ಹರಿಯದಿದ್ದರೂ ಕೆಲವು ದಿನ ಬದುಕುತ್ತದೆ, ಆಮ್ಲಜನಕ ಚರ್ಮದಿಂದಲೇ ಒಳಗೆ ಹೋಗುತ್ತದೆ. ಹಾಗಾಗಿ ಹೃದಯ ಬಡಿಯದ ಭ್ರೂಣದ ರಕ್ತನಾಳ ಹೇಗೆ ಬೆಳೆಯುತ್ತದೆ ಅಂತ ನೋಡಬಹುದು. ನೋಡಿದಾಗ ತಿಳಿದದ್ದು ಇದು. ಹರಿಯುವ ರಕ್ತ ನಾಳದ ಗೋಡೆಯನ್ನು ಸವರಿಕೊಂಡು ಹೋಗುವ ಒತ್ತಡವೇ ಒಂದು ಜೀನ್ ಎಬ್ಬಿಸುತ್ತದೆ, ಆ ಜೀನ್ ಮಿರ್-126 ಎಬ್ಬಿಸುತ್ತದೆ, ಅದು ನಾಳ ಬೆಳೆಯುವ ಸಂದೇಶಕ್ಕೆ ಇದ್ದ ತಡೆಯನ್ನು ತೆಗೆಯುತ್ತದೆ. ನೀರು ಹರಿದು ಕಾಲುವೆ ತಾನೇ ಆಗುವ ಹಾಗೆ.

ಮಿರ್-451ರ ವಿಷಯಕ್ಕೆ ಮಾತ್ರ ನಾನು ಅವಸರ ಮಾಡುವುದಿಲ್ಲ. ಇದು ಕೆಂಪು ರಕ್ತಕೋಶ ಬಲಿಯಲು ಬೇಕಾದದ್ದು. ಇದರ ತಲೆಪಿನ್ ತೀರಾ ಗಿಡ್ಡ. ಡೈಸರ್‌ಗೆ ಹಿಡಿಯಲು ಜಾಗವೇ ಇಲ್ಲ. ಹಾಗಾಗಿ ಡೈಸರ್ ಬಿಟ್ಟು ಆರ್ಗೊನಾಟ್-2 ತಾನೇ ಕತ್ತರಿಸಿಕೊಳ್ಳುತ್ತದೆ. ಆರ್ಗೊನಾಟ್-2ಕ್ಕೆ ಅಂಥ ಕತ್ತಿ ಇದೆ. 2010ರಲ್ಲಿ ಮೀನಿನಲ್ಲೂ ಇಲಿಯಲ್ಲೂ ಇದು ಗೊತ್ತಾಯಿತು.

ಈಗ ಇನ್ನೊಂದು ಕಡೆಯಿಂದ ಬನ್ನಿ. ಜೋಡಿ ಎಳೆಯ ಆರ್‌ಎನ್‌ಎ ಹಾಕಿ ಬೇಕಾದ ಜೀನ್ ಬಾಯಿ ಮುಚ್ಚಿಸುವ ವಿಧಾನಕ್ಕೆ 2006ರಲ್ಲಿ ನೊಬೆಲ್ ಬಂತು. ಹುಳದಲ್ಲಿ, ನೊಣದಲ್ಲಿ, ಮನುಷ್ಯರ ಕೋಶಗಳಲ್ಲಿ ಅದು ಕೆಲಸ ಮಾಡುತ್ತದೆ. ಜೀಬ್ರಾ ಮೀನಿನಲ್ಲಿ ಮಾತ್ರ ಕೈಕೊಡುತ್ತಲೇ ಬಂತು. ವರ್ಷಗಟ್ಟಲೆ ಜನ ತಮ್ಮ ಕೈಗುಣವನ್ನೇ ಶಪಿಸಿಕೊಂಡರು. 2017ರಲ್ಲಿ ಉತ್ತರ ಸಿಕ್ಕಿತು. ಆ ವಿಧಾನದಲ್ಲಿ ಚೀಟಿ ಕತ್ತರಿಸುವುದು ಇದೇ ಆರ್ಗೊನಾಟ್-2. ಮೀನಿನಲ್ಲಿ ಅದರ ಕತ್ತಿ ಮೊಂಡಾಗಿದೆ! ಹೆಚ್ಚಿನ ಮೂಳೆಮೀನುಗಳ ಪೂರ್ವಜರೊಬ್ಬರಲ್ಲಿ ಆದ ಎರಡು ಬದಲಾವಣೆಗಳಿಂದ ಅದರ ಕತ್ತರಿಸುವ ಶಕ್ತಿ ಕುಗ್ಗಿಹೋಗಿತ್ತು. ಸರಿ, ಹಾಗಾದರೆ ಮಿರ್-451 ಹೇಗೆ ತಯಾರಾಗುತ್ತಿದೆ? ಮೊಂಡು ಕತ್ತಿಯಲ್ಲಿ? ಮೀನಿನ ಮಿರ್-451ರ ತಲೆಪಿನ್‌ನಲ್ಲಿ ಒಂದು ಕಡೆ ಎರಡೂ ಬದಿ ‘ಜಿ’ ಅಕ್ಷರ ಬಂದು ಜೋಡಿ ತಪ್ಪಿದೆ. ನೋಡಿದರೆ ತಪ್ಪು ಅನ್ನಿಸುವ ಜಾಗ. ಆ ಒಂದು ಜೋಡಿ ತಪ್ಪಿರುವುದರಿಂದಲೇ ಮೊಂಡು ಕತ್ತಿಯೂ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಕತ್ತಿ ಹಾಳಾಯಿತು, ಆದರೆ ರಕ್ತಕ್ಕೆ ಬೇಕಾದ ಒಂದು ಕೆಲಸ ಉಳಿಯಿತು.

ಇನ್ನೊಂದು ಬಗೆಯ ಪುಟ್ಟ ಆರ್‌ಎನ್‌ಎ ಇದೆ, ಪೈ ಆರ್‌ಎನ್‌ಎ ಅಂತ. ಇವು ಸ್ವಲ್ಪ ಉದ್ದ, ಡೈಸರ್ ಬೇಕಿಲ್ಲ, ಬೀಜಕೋಶಗಳಲ್ಲಿ, ಡಿಎನ್‌ಎಯೊಳಗೆ ಜಾಗದಿಂದ ಜಾಗಕ್ಕೆ ಜಿಗಿಯುವ ಜೀನ್‌ಗಳನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಇವುಗಳನ್ನು ಹೊರುವ ಝಿವಿ ಅನ್ನುವ ಪ್ರೋಟೀನ್ ಇಲ್ಲದಿದ್ದರೆ ಮೀನಿನ ಬೀಜಕೋಶಗಳು ಸಾಯುತ್ತವೆ. ಅದೇ ಒಂದು ದಿನದ ಉಪನ್ಯಾಸಕ್ಕೆ ಸಾಕು, ಇವತ್ತು ಬಿಡುತ್ತೇನೆ.

ಕೊನೆಗೆ ನನ್ನದೇ ಕ್ಷೇತ್ರದ ಬಗ್ಗೆ ಸ್ವಲ್ಪ ಕಟುವಾಗಿ ಮಾತಾಡಬೇಕು. ಮಾರ್ಫೊಲಿನೊ ಅನ್ನುವ ಕೃತಕ ಎಳೆಗಳನ್ನು ಚುಚ್ಚಿ ಒಂದೊಂದು ಮೈಕ್ರೋ ಆರ್‌ಎನ್‌ಎ ತಡೆದು, ‘ಹೃದಯ ಕೆಟ್ಟಿತು, ಕಣ್ಣು ಕೆಟ್ಟಿತು’ ಅಂತ ಬರೆದ ಪ್ರಬಂಧಗಳು ಬಹಳ ಬಂದವು. ಆಮೇಲೆ ಜೀನ್ ಅನ್ನೇ ಕತ್ತರಿಸುವ ತಂತ್ರ ಬಂತು. 2015ರಲ್ಲಿ ಪ್ರೋಟೀನ್ ಮಾಡುವ ಹಲವು ಜೀನ್‌ಗಳನ್ನು ಎರಡೂ ರೀತಿಯಲ್ಲಿ ಹೋಲಿಸಿ ನೋಡಿದರೆ ಮಾರ್ಫೊಲಿನೊ ತೋರಿಸಿದ ತೊಂದರೆಗಳಲ್ಲಿ ಬಹಳಷ್ಟು ಜೀನ್ ಕತ್ತರಿಸಿದ ಮೀನಿನಲ್ಲಿ ಕಾಣಲೇ ಇಲ್ಲ. ಮೈಕ್ರೋ ಆರ್‌ಎನ್‌ಎಗಳಿಗೂ ಆ ಎಚ್ಚರ ಬೇಕು. ಒಂದೇ ಬೀಜಭಾಗದ ನಾಲ್ಕು ಅಣ್ಣತಮ್ಮಂದಿರು ಇದ್ದಾಗ ಒಬ್ಬನನ್ನು ತೆಗೆದರೆ ಮೀನು ಏನೂ ಆಗದವರ ಹಾಗೆ ಈಜಿಕೊಂಡು ಹೋಗಬಹುದು. ಮಿರ್-430ರ ಇಡೀ ಸಾಲನ್ನೇ ಕತ್ತರಿಸಿದಾಗ ಭ್ರೂಣ ನಿಜಕ್ಕೂ ಕೆಟ್ಟಿತು, ಅದಕ್ಕೇ ನಾನು ಅದರ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡಿದ್ದು. ಉಳಿದ ಕೆಲವು ಅಂಗಗಳ ಕಥೆಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆಗಳಿದ್ದರೆ ಆಮೇಲೆ ಕೇಳಿ, ಮೊದಲು ಎದ್ದು ಬನ್ನಿ. ಮೂರು ಗಂಟೆ ಆಯಿತು, ತಟ್ಟೆಯಲ್ಲಿ ಸಾವಿರ ಕೋಶ. ಸಣ್ಣ ಮಣಿಗಳನ್ನು ಗುಡ್ಡೆ ಹಾಕಿದ ಹಾಗೆ ಮರಿಗೆ ಆಹಾರವಾಗುವ ಹಳದಿ ಭಾಗದ ಉಂಡೆಯ ಮೇಲೆ ಕೂತಿರುತ್ತವೆ. ಇಷ್ಟು ಹೊತ್ತು ಒಟ್ಟಿಗೆ ಒಡೆಯುತ್ತಿದ್ದ ಕೋಶಗಳು ಇನ್ನು ಮೇಲೆ ಒಂದೊಂದು ಒಂದೊಂದು ಹೊತ್ತಿಗೆ ಒಡೆಯುತ್ತವೆ, ಸ್ವಲ್ಪ ಹೊತ್ತು ಕಣ್ಣಿಟ್ಟರೆ ನಿಮಗೇ ಕಾಣುತ್ತದೆ. ಸಾಲಾಗಿ ಬನ್ನಿ. ಮಕ್ಕಳು ಮುಂದೆ. ಮೇಜು ಮಾತ್ರ ಅಲುಗಾಡಿಸಬೇಡಿ.